ಸೊಂಟಕ್ಕೆ ಪೆಟ್ಟಾದ ರೈತರು ನಡುವನ್ನು ಬಲಪಡಿಸಿಕೊಳ್ಳುವ ಕ್ರಮ



ಬೆಳೆಯ ವಿಷಯ ಬರೆಯುವ ಈ ಪುಟಗಳಲ್ಲಿ ಈ ಸಲ ಬೆಳೆಯುವವರ ಬೆನ್ನಿನ ವಿಷಯ ಬರೆಯುತ್ತಿದ್ದೇನೆ. ಉಳುಮೆ, ಬಿತ್ತನೆ, ನಾಟಿ, ಕಳೆ, ಕೊಯ್ಲು, ಒಕ್ಕಣೆ ಇವೆಲ್ಲವೂ ನಡೆಯುವುದು ಒಂದು ಶರೀರದಿಂದ. ಆ ಶರೀರದ ನಡು ಕೈಕೊಟ್ಟರೆ ಒಳ್ಳೆಯ ತಳಿ, ಸಕಾಲಿಕ ಮಳೆ, ಬೇಕಾದಷ್ಟು ಗೊಬ್ಬರ ಎಲ್ಲ ಇದ್ದೂ ಹೊಲ ಬೀಳು ಬೀಳುತ್ತದೆ. ಕಷ್ಟದ ಕೆಲಸಕ್ಕೆ ಸಿದ್ಧರಾಗುವುದನ್ನು ನಮ್ಮ ಹಿರಿಯರು 'ಟೊಂಕ ಕಟ್ಟುವುದು' ಎಂದೇ ಕರೆದರು. ಟೊಂಕವೇ ನೊಂದಿದ್ದಾಗ ಏನು ಮಾಡಬೇಕು, ಅದಕ್ಕೆ ಮತ್ತೆ ಬಲ ತುಂಬುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದವನು. ಆದರೂ ಇದನ್ನು ಬರೆಯಲು ಕಾರಣವಿದೆ. 2017ರ ಡಿಸೆಂಬರಿನಲ್ಲಿ ನಮ್ಮ ಸಂಶೋಧನಾ ತಾಕಿನಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಎರಡು ಗಂಟೆ ಜೀಪಿನಲ್ಲಿ ಕುಳಿತು ಬಂದ ನಾನು, ಇಳಿದ ಕೂಡಲೇ ಕಣದಲ್ಲಿದ್ದ ಒಂದು ಚೀಲವನ್ನು ಬಗ್ಗಿ ಎತ್ತಿ, ನಿಂತಲ್ಲೇ ಮೈ ತಿರುಗಿಸಿ ತೂಕದ ಯಂತ್ರದ ಮೇಲಿಡಲು ಹೋದೆ. ಸೊಂಟದಲ್ಲಿ ಚಳಕ್ ಎಂದಿತು. ಅಂದು ಸಂಜೆಯ ಹೊತ್ತಿಗೆ ಎಡತೊಡೆಯವರೆಗೆ ನೋವು ಇಳಿಯಿತು. ಮೂರು ವಾರ ರಜೆ ಹಾಕಿದೆ. ನೋವು ಸ್ವಲ್ಪ ತಗ್ಗಿದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಹೊಟ್ಟೆಯ ಸ್ನಾಯು ಗಟ್ಟಿಯಾದರೆ ಬೆನ್ನು ಸರಿಹೋಗುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಬೆಳಿಗ್ಗೆ ಎದ್ದೊಡನೆ ಅಂಗಾತ ಮಲಗಿ ಎದ್ದು ಕೂರುವ ಕಸರತ್ತನ್ನು ದಿನಕ್ಕೆ ಮೂವತ್ತರಂತೆ ಮಾಡತೊಡಗಿದೆ. ವಾರದೊಳಗೆ ನೋವು ಮೊಣಕಾಲು ದಾಟಿ ಪಾದಕ್ಕೆ ಇಳಿಯಿತು. ಆಗ ವೈದ್ಯರು ಪರೀಕ್ಷಿಸಿ ಫಿಸಿಯೋಥೆರಪಿಸ್ಟರ ಬಳಿಗೆ ಕಳಿಸಿದರು. ಅವರು ಆ ಕಸರತ್ತನ್ನು ನಿಲ್ಲಿಸಿ, ಮುಂದೆ ವಿವರಿಸಿರುವ ಕ್ರಮವನ್ನು ಕಲಿಸಿದರು. ಪೂರ್ತಿ ಸುಧಾರಿಸಲು ನಾಲ್ಕು ತಿಂಗಳು ಹಿಡಿಯಿತು.

ಕೆಲಸಕ್ಕೆ ಮರಳಿದ ದಿನ ತಾಕಿನಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು, "ನಿಮಗೆ ರಜ ಸಿಕ್ತು ಸಾರ್, ಮಲಗಿದ್ರಿ. ನಮ್ಮ ಸೊಂಟ ಹಿಡಿದ್ರೆ ಮನೇಲಿ ಒಲೆ ಹತ್ತಲ್ಲ" ಎಂದಳು. ಆಕೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆ ನಂತರ ಓದಿ, ತಿಳಿದವರನ್ನು ಕೇಳಿ, ಸ್ವತಃ ಮಾಡಿ ನೋಡಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸೊಂಟ ನೋವು ನಮ್ಮೊಬ್ಬರದೇ ತೊಂದರೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಕೆಳಬೆನ್ನಿನ ನೋವಿತ್ತು. ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು.

ಸೊಂಟದ ರಚನೆ

ಕೆಳಬೆನ್ನಿನಲ್ಲಿ ಒಂದರ ಮೇಲೊಂದು ಕುಳಿತ ಐದು ಮೂಳೆಗಳಿವೆ. ಪ್ರತಿ ಎರಡು ಮೂಳೆಗಳ ನಡುವೆ ಮೆತ್ತೆಯಂತಹ ಒಂದು ಬಿಲ್ಲೆ ಇದೆ. ಇದಕ್ಕೆ ಡಿಸ್ಕ್ ಎನ್ನುತ್ತಾರೆ. ಬಿಲ್ಲೆಯ ಹೊರಭಾಗ ನಾರಿನ ಪದರಗಳಿಂದ ಕೂಡಿದ್ದು, ಒಳಗೆ ಲೋಳೆಯಂತಹ ತಿರುಳಿರುತ್ತದೆ. ಮುಂದಕ್ಕೆ ಬಗ್ಗಿದಾಗ ತಿರುಳು ಹಿಂದಕ್ಕೆ ಒತ್ತಲ್ಪಡುತ್ತದೆ. ಬಗ್ಗಿ, ಭಾರ ಹೊತ್ತು, ತಿರುಗುವ ಕೆಲಸ ಸಾವಿರಾರು ಬಾರಿ ನಡೆದರೆ ಹಿಂಬದಿಯ ನಾರು ಸೀಳುತ್ತಾ ಬಂದು ಬಿಲ್ಲೆ ಉಬ್ಬಬಹುದು, ಕೆಲವೊಮ್ಮೆ ತಿರುಳು ಹೊರಚಾಚಿ ಕಾಲಿಗೆ ಹೋಗುವ ನರವನ್ನು ಒತ್ತಬಹುದು. ಕಾಲಿಗೆ ನೋವು, ಜೋಮು ಇಳಿಯುವುದು ಇದರಿಂದಲೇ. ಹೀಗಾಗುವುದು ಬಹುಪಾಲು ಕೆಳಗಿನ ಎರಡು ಬಿಲ್ಲೆಗಳಲ್ಲಿ. ಆದರೆ ಎಲ್ಲ ಸೊಂಟ ನೋವೂ ಬಿಲ್ಲೆಯದಲ್ಲ. ಸ್ನಾಯು, ಕೀಲು, ಕಟ್ಟುನಾರುಗಳ ಉಳುಕಿನಿಂದಲೂ ನೋವು ಬರುತ್ತದೆ.

ಭಾರ ಎಷ್ಟು ಬೀಳುತ್ತದೆಂಬುದನ್ನು ಏತದ ಲೆಕ್ಕದಿಂದ ತಿಳಿಯಬಹುದು. ಏತದ ಉದ್ದನೆಯ ತುದಿಯಲ್ಲಿ ಸ್ವಲ್ಪ ಭಾರವಿದ್ದರೂ ಗಿಡ್ಡನೆಯ ತುದಿಯಲ್ಲಿ ಬಹಳ ಭಾರ ಹಾಕಬೇಕಲ್ಲವೇ? ಬೆನ್ನಿನ ಸ್ನಾಯುಗಳು ಬಿಲ್ಲೆಯಿಂದ ಸುಮಾರು 5 ಸೆಂ.ಮೀ. ಹಿಂದೆ ನಿಂತು ಎಳೆಯುತ್ತವೆ. 20 ಕಿ.ಗ್ರಾಂ. ತೂಕವನ್ನು ಸೊಂಟದಿಂದ 50 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯುಗಳು ಸುಮಾರು 200 ಕಿ.ಗ್ರಾಂ.ನಷ್ಟು ಎಳೆಯಬೇಕಾಗುತ್ತದೆ. ಅದೇ ತೂಕವನ್ನು 25 ಸೆಂ.ಮೀ. ಹತ್ತಿರಕ್ಕೆ ತಂದರೆ 100 ಕಿ.ಗ್ರಾಂ. ಸಾಕು. ಮೈಯ ಸ್ವಂತ ಭಾರ ಇದಕ್ಕೆ ಹೊರತು. ಹೊರೆಯನ್ನು ಮೈಗೆ ಒತ್ತಿ ಹಿಡಿಯಬೇಕೆಂದು ಹೇಳುವುದು ಈ ಲೆಕ್ಕದಿಂದಲೇ.

ನಡುವಿನ ಸ್ನಾಯುಗಳ ಕೆಲಸ

ಚಪ್ಪರದ ಕಂಬವೊಂದನ್ನು ನೆಲದಲ್ಲಿ ಹೂಳದೆ ನಿಲ್ಲಿಸಬೇಕಾದರೆ ನಾಲ್ಕೂ ಕಡೆ ಹಗ್ಗ ಬಿಗಿಯಬೇಕು. ಒಂದೇ ಹಗ್ಗ ಬಹಳ ಗಟ್ಟಿಯಾಗಿದ್ದು ಉಳಿದವು ಸಡಿಲವಾಗಿದ್ದರೆ ಕಂಬ ವಾಲುತ್ತದೆ. ಬೆನ್ನುಮೂಳೆಯೂ ಹೀಗೆಯೇ. ಮುಂದೆ ಹೊಟ್ಟೆಯ ಸ್ನಾಯು, ಎರಡು ಪಕ್ಕೆಗಳಲ್ಲಿ ಓರೆ ಸ್ನಾಯುಗಳು, ಹಿಂದೆ ಬೆನ್ನಿನ ಉದ್ದ ಮತ್ತು ಗಿಡ್ಡ ಸ್ನಾಯುಗಳು, ಮೇಲೆ ವಪೆ, ಕೆಳಗೆ ಕಟಿಯ ತಳದ ಸ್ನಾಯುಗಳು, ಇವೆಲ್ಲ ಸೇರಿ ನಡುವನ್ನು ಸುತ್ತುವರಿದಿವೆ. ಪೃಷ್ಠದ ಸ್ನಾಯುಗಳೂ ಇವಕ್ಕೆ ನೆರವಾಗುತ್ತವೆ. ನಡುವನ್ನು ಬಲಪಡಿಸುವುದೆಂದರೆ ಹೊಟ್ಟೆಯೊಂದನ್ನೇ ಗಟ್ಟಿ ಮಾಡುವುದಲ್ಲ. ಎಲ್ಲ ಕಡೆಯ ಹಗ್ಗಗಳನ್ನೂ ಸಮನಾಗಿ ಬಿಗಿಯುವುದು.

ಇಲ್ಲಿ ಎರಡು ಸಂಶೋಧನೆಗಳನ್ನು ತಿಳಿಸುವುದು ಅಗತ್ಯ. ಎರಡೂ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನವು, 1996ರಲ್ಲಿ ಪ್ರಕಟವಾದವು. ಹಾಡ್ಜಸ್ ಮತ್ತು ರಿಚರ್ಡ್‌ಸನ್ ಅವರು, ಆರೋಗ್ಯವಂತರು ಕೈ ಎತ್ತುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ತಾನಾಗಿ ಬಿಗಿಯುತ್ತದೆಂದೂ, ಸೊಂಟ ನೋವಿನವರಲ್ಲಿ ಅದು ತಡವಾಗುತ್ತದೆಂದೂ ಕಂಡುಕೊಂಡರು. ಹೈಡ್ಸ್ ಮತ್ತು ಸಂಗಡಿಗರು, ಮೊದಲ ಬಾರಿ ಸೊಂಟ ನೋವು ಬಂದವರಲ್ಲಿ ನೋವು ಹೋದ ಮೇಲೂ ಬೆನ್ನಿನ ಗಿಡ್ಡ ಸ್ನಾಯುಗಳು ತಾವಾಗಿ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲವೆಂದು ತೋರಿಸಿದರು. ಇದರ ಅರ್ಥವಿಷ್ಟೆ: ನೋವು ಹೋಯಿತೆಂದರೆ ಬಲ ಬಂತೆಂದಲ್ಲ. ನೋವು ಹೋದೊಡನೆ ಮೂಟೆ ಎತ್ತುವವರಿಗೆ ಮತ್ತೆ ಮತ್ತೆ ಸೊಂಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

'ದಿನವಿಡೀ ಹೊಲದಲ್ಲಿ ದುಡಿಯುವ ನಮಗೆ ಬೇರೆ ವ್ಯಾಯಾಮ ಏಕೆ?' ಎಂದು ನೀವು ಕೇಳಬಹುದು. ಒಂದೇ ಜಮೀನಿನಲ್ಲಿ ವರ್ಷ ವರ್ಷವೂ ಒಂದೇ ಬೆಳೆ ಬೆಳೆದರೆ ಮಣ್ಣು ಸೊರಗುತ್ತದೆ. ಹೊಲದ ಕೆಲಸವೂ ಹಾಗೆ, ಗಂಟೆಗಟ್ಟಲೆ ಒಂದೇ ಕಡೆಗೆ ಬಗ್ಗಿಸಿ ಕೆಲವೇ ಸ್ನಾಯುಗಳನ್ನು ದಣಿಸುತ್ತದೆ. ಉಳಿದವು ಸುಮ್ಮನಿರುತ್ತವೆ. ವ್ಯಾಯಾಮ ಇಲ್ಲಿ ಬೆಳೆ ಪರಿವರ್ತನೆ ಇದ್ದಂತೆ.

ಮೊದಲು ವೈದ್ಯರನ್ನು ಕಾಣಬೇಕಾದವರು

ಕೆಳಗಿನ ಯಾವ ಲಕ್ಷಣವಿದ್ದರೂ ವ್ಯಾಯಾಮಕ್ಕೆ ಕೈಹಾಕಕೂಡದು.

1. ಮೂತ್ರ ಕಟ್ಟುವುದು ಇಲ್ಲವೆ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟು ತಾಗುವ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲುಗಳ ಬಲ ಕುಂದುವುದು. ಇವು ಕಂಡರೆ ಅದೇ ದಿನ, ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಬೆಳಗಾಗಲಿ ಎಂದು ಕಾದರೆ ಕಾಲು ಮತ್ತು ಮೂತ್ರಕೋಶ ಶಾಶ್ವತವಾಗಿ ಕೆಡಬಹುದು.
2. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕಾಲಿನ ಜೋಮು ದಿನೇ ದಿನೇ ಹೆಚ್ಚುವುದು.
3. ಮರದಿಂದ, ಅಟ್ಟದಿಂದ ಅಥವಾ ಗಾಡಿಯಿಂದ ಬಿದ್ದ ಮೇಲೆ ಬಂದ ನೋವು. ವಯಸ್ಸಾದವರಲ್ಲಿ ಸಣ್ಣ ಬೀಳಿನಿಂದಲೂ ಮೂಳೆ ಮುರಿದಿರಬಹುದು.
4. ಜ್ವರ, ರಾತ್ರಿ ಬೆವರು, ತೂಕ ಇಳಿಯುವಿಕೆ, ಮಲಗಿದರೂ ಬಿಡದ ರಾತ್ರಿ ನೋವು. ಕ್ಷಯರೋಗ ಬೆನ್ನುಮೂಳೆಗೂ ತಗಲುತ್ತದೆ. ಗಂತಿ ಹಾಕಿದ ದನಗಳನ್ನು ಮುಟ್ಟುವವರಿಗೆ ಮತ್ತು ಹಸಿ ಹಾಲು ಕುಡಿಯುವವರಿಗೆ ಬರುವ ಬ್ರುಸೆಲ್ಲಾ ರೋಗದಲ್ಲಿಯೂ ಬಿಟ್ಟು ಬಿಟ್ಟು ಜ್ವರ ಮತ್ತು ಸೊಂಟ ನೋವಿರುತ್ತವೆ. ದನ ಸಾಕುವವರು ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.
5. ಹಿಂದೆ ಕ್ಯಾನ್ಸರ್ ಆಗಿದ್ದವರು, ಬೆನ್ನಿಗೆ ಶಸ್ತ್ರಚಿಕಿತ್ಸೆ ಆದವರು.

ಗರ್ಭಿಣಿಯರು, ಹೊಸ ಬಾಣಂತಿಯರು, ಅಂಡವಾಯು ಅಥವಾ ಹೆಚ್ಚಿನ ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದೇ ಪ್ರಾರಂಭಿಸಬೇಕು. ಬೆನ್ನು ತುಳಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಕೆಲವೆಡೆ ಇಂದಿಗೂ ರೂಢಿಯಲ್ಲಿದೆ. ಉಬ್ಬಿದ ಬಿಲ್ಲೆಗೆ ಅಥವಾ ಸೊರಗಿದ ಮೂಳೆಗೆ ಇದು ಅಪಾಯಕಾರಿ, ಬಿಡಬೇಕು.

ಎಷ್ಟು ದಿನ ಮಲಗಬೇಕು?

ಹಿಂದೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಲು ಹೇಳುತ್ತಿದ್ದರು. 1986ರಲ್ಲಿ ಅಮೆರಿಕದ ಡೆಯೊ ಮತ್ತು ಸಂಗಡಿಗರು, ನರದ ತೊಂದರೆಯಿಲ್ಲದ ಸೊಂಟ ನೋವಿನವರಲ್ಲಿ ಕೆಲವರಿಗೆ 2 ದಿನ, ಕೆಲವರಿಗೆ 7 ದಿನ ಮಲಗಲು ಹೇಳಿ ಹೋಲಿಸಿದರು. 7 ದಿನ ಮಲಗಲು ಹೇಳಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. 2 ದಿನದವರು ಬೇಗ ಕೆಲಸಕ್ಕೆ ಮರಳಿದರು. ಈಗಿನ ಸಲಹೆಯೂ ಅದೇ: ನೋವು ತೀವ್ರವಾಗಿದ್ದಾಗ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ಮನೆಯೊಳಗೆ, ಅಂಗಳದಲ್ಲಿ ಸ್ವಲ್ಪ ಸ್ವಲ್ಪ ಓಡಾಡಬೇಕು. ಓಡಾಡಬೇಕೆಂದರೆ ಮೂಟೆ ಎತ್ತಬೇಕೆಂದಲ್ಲ.

ಪ್ರಾರಂಭಿಸುವ ಮುನ್ನ ಪಾಲಿಸಬೇಕಾದ ನಿಯಮಗಳು

ಸಮಯ: ಎದ್ದ ಮೊದಲ ಒಂದು ಗಂಟೆಯಲ್ಲಿ ವ್ಯಾಯಾಮ ಬೇಡ. ನೆನೆಸಿದ ಕಡಲೆ ಉಬ್ಬುವಂತೆ ಬಿಲ್ಲೆಗಳು ರಾತ್ರಿ ನೀರು ಹೀರಿ ಉಬ್ಬಿರುತ್ತವೆ; ಬೆಳಿಗ್ಗೆ ನಾವು ತುಸು ಎತ್ತರವಾಗಿರುವುದು ಇದರಿಂದಲೇ. ಆಗ ಬಗ್ಗಿದರೆ ಬಿಲ್ಲೆಯ ಮೇಲೆ ಒತ್ತಡ ಹೆಚ್ಚು. ಅಮೆರಿಕದ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಗಿನ ಹೊತ್ತು ಬಗ್ಗುವುದನ್ನು ತಪ್ಪಿಸಿದವರ ಹಳೆಯ ಸೊಂಟ ನೋವು ಕಡಿಮೆಯಾಯಿತು. ನಾನು ಬೆಳಿಗ್ಗೆ ಎದ್ದೊಡನೆ ಮಾಡಿದ ಕಸರತ್ತು ಎಂತಹ ತಪ್ಪೆಂದು ಇದನ್ನು ಓದಿದಾಗ ತಿಳಿಯಿತು. ಸಂಜೆ ಕೆಲಸ ಮುಗಿದು ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೆ, ಊಟಕ್ಕೆ ಮುಂಚೆ ಒಳ್ಳೆಯ ಸಮಯ.

ಸ್ಥಳ: ಗಟ್ಟಿ ನೆಲದ ಮೇಲೆ ಮಡಿಸಿದ ಕಂಬಳಿ ಅಥವಾ ಜಮಖಾನ ಸಾಕು. ಮಂಚ, ಮೆತ್ತನೆಯ ಹಾಸಿಗೆ ಬೇಡ.

ಉಸಿರು: ಯಾವ ಹಂತದಲ್ಲಿಯೂ ಉಸಿರು ಕಟ್ಟಕೂಡದು. ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದರೆ ಉಸಿರು ತಾನೇ ಆಡುತ್ತದೆ.

ನೋವಿನ ಗುರುತು: ಸ್ನಾಯುವಿನಲ್ಲಿ ದಣಿವು, ಮರುದಿನ ಸ್ವಲ್ಪ ಮೈಕೈ ನೋವು ಸಹಜ. ಆದರೆ ನೋವು ಅಥವಾ ಜೋಮು ಸೊಂಟದಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಇಳಿದರೆ ಕೂಡಲೇ ನಿಲ್ಲಿಸಬೇಕು. ಕಾಲಿನ ನೋವು ಮೇಲೇರಿ ಸೊಂಟಕ್ಕೆ ಕುಗ್ಗುತ್ತಾ ಬಂದರೆ ಸಾಮಾನ್ಯವಾಗಿ ಅದು ಒಳ್ಳೆಯ ಗುರುತು.

ವ್ಯಾಯಾಮದ ಕ್ರಮ

ಇವುಗಳಲ್ಲಿ 2, 3 ಮತ್ತು 4ನೆಯವು ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಸ್ಟುವರ್ಟ್ ಮೆಗಿಲ್ ಅವರು ಬಿಲ್ಲೆಯ ಮೇಲೆ ಕಡಿಮೆ ಭಾರ ಬೀಳುವಂತೆ ಆರಿಸಿ ಪ್ರಚಾರಕ್ಕೆ ತಂದವು. ಎಲ್ಲದರಲ್ಲಿಯೂ ಬೆನ್ನು ಅಲುಗಾಡದೆ ಇರುತ್ತದೆ, ಸ್ನಾಯು ಮಾತ್ರ ಬಿಗಿಯುತ್ತದೆ. ಗುಟ್ಟು ಇರುವುದು ಇಲ್ಲಿಯೇ.

1. ನಡು ಬಿಗಿಯುವುದು: ಅಂಗಾತ ಮಲಗಿ ಎರಡೂ ಮೊಣಕಾಲು ಮಡಿಸಿ ಪಾದಗಳನ್ನು ನೆಲಕ್ಕೆ ಊರಿ. ಬೆರಳುಗಳನ್ನು ಸೊಂಟದ ಮೂಳೆಯ ಒಳಬದಿಗೆ ಹೊಟ್ಟೆಯ ಮೇಲಿಡಿ. ಯಾರೋ ಹೊಟ್ಟೆಗೆ ಮೆಲ್ಲನೆ ಗುದ್ದಲು ಬರುತ್ತಿದ್ದಾರೆಂದು ಭಾವಿಸಿ ಹೊಟ್ಟೆಯನ್ನು ಅಷ್ಟೇ ಗಟ್ಟಿ ಮಾಡಿ. ಒಳಕ್ಕೆ ಎಳೆದುಕೊಳ್ಳುವುದೂ ಬೇಡ, ಉಬ್ಬಿಸುವುದೂ ಬೇಡ. ಬೆರಳಿನ ಅಡಿ ಬಿಗಿ ತಿಳಿಯಬೇಕು, ಉಸಿರು ಸರಾಗವಾಗಿ ಆಡಬೇಕು. 5 ಎಣಿಸಿ ಸಡಿಲಿಸಿ. ಹೀಗೆ 10 ಬಾರಿ. ಇದು ಬಂದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಉಳಿದೆಲ್ಲವನ್ನೂ ಈ ಬಿಗಿಯೊಂದಿಗೇ ಮಾಡಬೇಕು.

2. ತಲೆ-ಭುಜ ಎತ್ತುವುದು: ಅಂಗಾತ ಮಲಗಿ ಒಂದು ಮೊಣಕಾಲು ಮಡಿಸಿ, ಇನ್ನೊಂದು ಕಾಲು ನೀಡಿ. ಎರಡೂ ಅಂಗೈಗಳನ್ನು ನೆಲಕ್ಕೆ ಮಾಡಿ ಸೊಂಟದ ಕೆಳಗಿನ ಪೊಳ್ಳಿನಲ್ಲಿ ಇಡಿ. ಆ ಪೊಳ್ಳನ್ನು ಒತ್ತಿ ಸಮ ಮಾಡಬಾರದು. ನಡು ಬಿಗಿದು, ಕುತ್ತಿಗೆ ಬಗ್ಗಿಸದೆ, ತಲೆ ಮತ್ತು ಭುಜವನ್ನು ನೆಲದಿಂದ ಎರಡು ಬೆರಳಿನಷ್ಟು ಮಾತ್ರ ಎತ್ತಿ. 5 ಎಣಿಸಿ ಇಳಿಸಿ. ಅರ್ಧ ಸರದಿ ಕಳೆದ ಮೇಲೆ ಕಾಲು ಬದಲಿಸಿ. ಎದ್ದು ಕೂರುವ ಯತ್ನ ಖಂಡಿತ ಬೇಡ.

3. ಪಕ್ಕೆ ಸೇತುವೆ: ಒಂದು ಪಕ್ಕಕ್ಕೆ ಮಲಗಿ ಮೊಣಕಾಲುಗಳನ್ನು ಹಿಂದಕ್ಕೆ ಮಡಿಸಿ. ಭುಜದ ನೇರಕ್ಕೆ ಮೊಣಕೈ ಊರಿ. ನಡು ಬಿಗಿದು, ಸೊಂಟವನ್ನು ನೆಲದಿಂದ ಎತ್ತಿ, ಮೊಣಕಾಲಿನಿಂದ ಭುಜದವರೆಗೆ ಮೈ ಒಂದೇ ಗೆರೆಯಲ್ಲಿರುವಂತೆ ನಿಲ್ಲಿಸಿ. 5 ಎಣಿಸಿ ಇಳಿಸಿ. ಇನ್ನೊಂದು ಪಕ್ಕಕ್ಕೂ ಅಷ್ಟೇ. ಭುಜ ನೋಯುವವರು ಗೋಡೆಯಿಂದ ಒಂದು ಮೊಳ ದೂರ ನಿಂತು, ಮೊಣಕೈಯನ್ನು ಗೋಡೆಗೆ ಊರಿ ವಾಲಿ ನಿಂತು ಮಾಡಬಹುದು.

4. ಅಂಬೆಗಾಲಿನ ಭಂಗಿ: ಮಕ್ಕಳು ಅಂಬೆಗಾಲಿಡುವಂತೆ ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಲ್ಲಿ. ಬೆನ್ನು ಉಬ್ಬಲೂಬಾರದು, ಬಳುಕಲೂಬಾರದು. ನಡು ಬಿಗಿದು, ಒಂದು ಕಾಲನ್ನು ಹಿಂದಕ್ಕೆ ನೀಡಿ. ಸೊಂಟದ ಎತ್ತರಕ್ಕಿಂತ ಮೇಲೆ ಎತ್ತಬೇಡಿ. 5 ಎಣಿಸಿ ಇಳಿಸಿ, ಇನ್ನೊಂದು ಕಾಲು ನೀಡಿ. ಎರಡು ವಾರಗಳ ನಂತರ ಎಡಗಾಲಿನೊಂದಿಗೆ ಬಲಗೈಯನ್ನೂ, ಬಲಗಾಲಿನೊಂದಿಗೆ ಎಡಗೈಯನ್ನೂ ನೀಡಿ. ಸರಿಯಾಗಿ ಮಾಡುತ್ತಿರುವಿರೋ ಎಂದು ನೋಡಲು ಅರ್ಧ ತುಂಬಿದ ಸಣ್ಣ ನೀರಿನ ಬಟ್ಟಲನ್ನು ಮನೆಯವರಿಂದ ಸೊಂಟದ ಮೇಲೆ ಇರಿಸಿಕೊಳ್ಳಬಹುದು. ನೀರು ಚೆಲ್ಲಬಾರದು.

5. ಸೊಂಟ ಎತ್ತುವುದು: ಮೂರನೆಯ ವಾರದಿಂದ ಇದನ್ನು ಸೇರಿಸಿ. ಅಂಗಾತ ಮಲಗಿ ಎರಡೂ ಮೊಣಕಾಲು ಮಡಿಸಿ, ಪೃಷ್ಠದ ಸ್ನಾಯುಗಳನ್ನು ಬಿಗಿದು, ಭುಜದಿಂದ ಮೊಣಕಾಲಿನವರೆಗೆ ಒಂದೇ ಇಳಿಜಾರು ಬರುವಂತೆ ಸೊಂಟವನ್ನು ಎತ್ತಿ. ಅದಕ್ಕಿಂತ ಮೇಲೆ ಎತ್ತಿ ಬೆನ್ನು ಕಮಾನಾಗಬಾರದು. 5 ಎಣಿಸಿ ಇಳಿಸಿ, 8 ಬಾರಿ.

6. ನಡಿಗೆ: ಸಮತಟ್ಟಾದ ದಾರಿಯಲ್ಲಿ ಕೈ ಬೀಸಿ 5ರಿಂದ 10 ನಿಮಿಷ, ದಿನಕ್ಕೆ ಎರಡು ಮೂರು ಬಾರಿ. ಕಾಲು ಒಗ್ಗಿದಂತೆ ಹೆಚ್ಚಿಸಿ.

ಎಷ್ಟು ಬಾರಿ?

ಎಲ್ಲ ಸಾರಜನಕವನ್ನೂ ಒಂದೇ ಸಲ ಹಾಕಿದರೆ ಪೈರು ಸೊಕ್ಕಿ ಒರಗುತ್ತದೆಂದು ನಿಮಗೆ ಗೊತ್ತು. ಅದನ್ನು ಕಂತುಗಳಲ್ಲಿ ಕೊಡುತ್ತೇವೆ. ವ್ಯಾಯಾಮಕ್ಕೂ ಅದೇ ನಿಯಮ. ತೀವ್ರ ನೋವು ತಗ್ಗಿದ ನಂತರ 2, 3, 4ನೆಯ ವ್ಯಾಯಾಮಗಳನ್ನು ಇಳಿಯುವ ಸರದಿಯಲ್ಲಿ ಮಾಡಬೇಕು. ಪ್ರತಿ ಸರದಿಯ ನಡುವೆ ಅರ್ಧ ನಿಮಿಷ ಬಿಡುವು ಕೊಡಬೇಕು. ಕೈ, ಕಾಲು, ಪಕ್ಕೆ ಬದಲಿಸುವ ಕಡೆ ಈ ಎಣಿಕೆ ಒಂದೊಂದು ಬದಿಗೂ ಅನ್ವಯಿಸುತ್ತದೆ.

ಮೊದಲ ಎರಡು ವಾರ: 3 ಬಾರಿ, ಬಿಡುವು, 2 ಬಾರಿ, ಬಿಡುವು, 1 ಬಾರಿ.
3 ಮತ್ತು 4ನೆಯ ವಾರ: 4, 3, 2.
5ನೆಯ ವಾರದಿಂದ: 6, 4, 2.

ಬಲ ಬಂದಂತೆ ಬಾರಿಗಳ ಸಂಖ್ಯೆ ಹೆಚ್ಚಿಸಿ, ಹಿಡಿಯುವ ಹೊತ್ತನ್ನು 10 ಸೆಕೆಂಡಿಗಿಂತ ಹೆಚ್ಚಿಸಬೇಡಿ. ಸ್ನಾಯು ದಣಿದಾಗ ಭಂಗಿ ಕೆಡುತ್ತದೆ; ಭಂಗಿ ಕೆಟ್ಟರೆ ಭಾರವೆಲ್ಲ ಬಿಲ್ಲೆಯ ಮೇಲೆ. ಒಂದು ಹಂತದಲ್ಲಿ ನೋವು ಹೆಚ್ಚಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ಎಲ್ಲ ಸೇರಿ ದಿನಕ್ಕೆ 15 ನಿಮಿಷ ಸಾಕು. ಬದಲಾವಣೆ ತಿಳಿಯಲು ಆರರಿಂದ ಎಂಟು ವಾರ ಬೇಕಾಗಬಹುದು. ಬಿತ್ತಿದ ಮರುದಿನ ಮೊಳಕೆ ಹುಡುಕುವವರಿಲ್ಲ. ನೋವು ಹೋದ ಮೇಲೂ ವಾರಕ್ಕೆ ನಾಲ್ಕು ದಿನವಾದರೂ ಮುಂದುವರಿಸಬೇಕು.

ಮಾಡಬಾರದವು

1. ಮಲಗಿ ಎದ್ದು ಕೂರುವ ಕಸರತ್ತು.
2. ಮಲಗಿ ಎರಡೂ ಕಾಲುಗಳನ್ನು ಒಟ್ಟಿಗೆ ನೇರವಾಗಿ ಎತ್ತುವುದು.
3. ನಿಂತು ಬಗ್ಗಿ ಕಾಲ್ಬೆರಳು ಮುಟ್ಟುವುದು. ಹಲಾಸನ, ಪಶ್ಚಿಮೋತ್ತಾನಾಸನದಂತಹ ಪೂರ್ತಿ ಬಗ್ಗುವ ಆಸನಗಳು. ಪೆಟ್ಟಾದ ಬಿಲ್ಲೆಗೆ ಇವು ಹಿತವಲ್ಲ.
4. ಭಾರ ಹಿಡಿದು ಮೈ ತಿರುಚುವುದು.
5. ನೋವಿನ ಮಾತ್ರೆ ನುಂಗಿ, ನೋವು ತಿಳಿಯದಾಗ ವ್ಯಾಯಾಮ ಹೆಚ್ಚಿಸುವುದು.

ಸೊಂಟಪಟ್ಟಿಯ ವಿಷಯ ಹಲವರು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿಯು ದೀರ್ಘಕಾಲದ ಸಾಮಾನ್ಯ ಸೊಂಟ ನೋವಿಗೆ ವ್ಯಾಯಾಮ ಮತ್ತು ತಿಳುವಳಿಕೆಯನ್ನು ಸೂಚಿಸಿದೆ, ಸೊಂಟಪಟ್ಟಿಯನ್ನು ರೂಢಿಯಾಗಿ ಬಳಸುವುದನ್ನು ಸೂಚಿಸಿಲ್ಲ. ವೈದ್ಯರು ನಿರ್ದಿಷ್ಟ ಕಾರಣಕ್ಕೆ ಹೇಳಿದ್ದರೆ ಅವರ ಮಾತಿನಂತೆ ನಡೆಯಿರಿ.

ಹೊಲದಲ್ಲಿ ಅನುಸರಿಸಬೇಕಾದದ್ದು

ಸಂಜೆ ಹದಿನೈದು ನಿಮಿಷ ಗಳಿಸಿದ್ದನ್ನು ಹಗಲು ಹತ್ತು ಗಂಟೆ ಕಳೆಯುವುದಾದರೆ ಫಲವಿಲ್ಲ. ಆದುದರಿಂದ ಕೆಳಗಿನವನ್ನು ಗಮನಿಸಿ.

ಬಗ್ಗುವ ಬಗೆ: ಸೊಂಟ ಮುರಿದು ಬಗ್ಗದೆ, ಮೊಣಕಾಲು ಮಡಿಸಿ, ಪೃಷ್ಠವನ್ನು ಹಿಂದಕ್ಕೆ ಮಾಡಿ, ತೊಡೆಯ ಸಂದಿನಲ್ಲಿ ಬಗ್ಗಬೇಕು. ಬೆನ್ನಿಗೆ ಉದ್ದನೆಯ ಕೋಲೊಂದನ್ನು ತಲೆ, ಬೆನ್ನು, ಪೃಷ್ಠ ಮೂರಕ್ಕೂ ತಾಗುವಂತೆ ಹಿಡಿದು ಬಗ್ಗಿ ಅಭ್ಯಾಸ ಮಾಡಿ. ಕೋಲು ಮೂರರಲ್ಲಿ ಒಂದನ್ನು ಬಿಟ್ಟರೆ ಬಗ್ಗಿದ್ದು ತಪ್ಪು. ತಿರುಗಬೇಕಾದರೆ ಪಾದಗಳನ್ನು ಕಿತ್ತಿಟ್ಟು ತಿರುಗಿ.

ಮೂಟೆಯ ತೂಕ: ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತಲು ಹೇಳಿರುವ ಮಿತಿ 23 ಕಿ.ಗ್ರಾಂ. ನೆಲದಿಂದ ಎತ್ತಿದರೆ, ದೂರ ಹಿಡಿದರೆ, ಮೈ ತಿರುಗಿಸಿದರೆ ಇದು ಇನ್ನೂ ಇಳಿಯುತ್ತದೆ. ಬೇವು ಲೇಪಿತ ಯೂರಿಯಾ ಚೀಲ 45 ಕಿ.ಗ್ರಾಂ., ಡಿ.ಎ.ಪಿ. ಚೀಲ 50 ಕಿ.ಗ್ರಾಂ. ಇರುತ್ತದೆ. ನೋವಿಲ್ಲದವರಿಗೇ ಇದು ಎರಡು ಪಟ್ಟು. ಆದುದರಿಂದ ಇಬ್ಬರು ಎತ್ತಬೇಕು, ಇಲ್ಲವೆ ಅರ್ಧ ಚೀಲ ಮಾಡಿಕೊಳ್ಳಬೇಕು. ಗಾಡಿಯಿಂದ ಇಳಿಸುವಾಗ ನೆಲಕ್ಕೆ ಹಾಕದೆ ಸೊಂಟದೆತ್ತರದ ಕಟ್ಟೆಯ ಮೇಲೆ ಇಳಿಸಿ. ಮತ್ತೆ ಎತ್ತುವ ಕೆಲಸ ಹಗುರವಾಗುತ್ತದೆ. ಸೊಂಟಕ್ಕೆ ಪೆಟ್ಟಾದವರು ಮೊದಲ ಮೂರು ತಿಂಗಳು ಮೂಟೆಯ ಗೊಡವೆಗೆ ಹೋಗಬಾರದು.

ಹಿಡಿಯ ಉದ್ದ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಕೂಲಿಗಾರರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿಸಿ ದುಡಿಸುತ್ತಿದ್ದರು. ಬೆನ್ನು ಕೆಟ್ಟ ಕೂಲಿಗಾರರ ಪರವಾಗಿ ಮೊಕದ್ದಮೆ ನಡೆದು, 1975ರಲ್ಲಿ ಅಲ್ಲಿ ಆ ಗುದ್ದಲಿಯನ್ನು ನಿಷೇಧಿಸಲಾಯಿತು. ನಮ್ಮಲ್ಲಿ ಇಂದಿಗೂ ಬಹುಪಾಲು ಕಳೆ ಕೆಲಸ ಕುಳಿತು ಅಥವಾ ಬಗ್ಗಿಯೇ ನಡೆಯುತ್ತದೆ. ಸಾಲು ಬಿತ್ತನೆ ಮಾಡಿದಲ್ಲಿ ನಿಂತು ತಳ್ಳುವ ಸೈಕಲ್ ಕುಂಟೆಯನ್ನೂ, ಗದ್ದೆಯಲ್ಲಿ ಸಾಲು ನಾಟಿ ಮಾಡಿದಲ್ಲಿ ಕೋನೋ ವೀಡರನ್ನೂ ಬಳಸಬಹುದು. ಹಿಡಿಯನ್ನು ಬಳಸುವವರ ಎತ್ತರಕ್ಕೆ ಹೊಂದಿಸಿಕೊಳ್ಳಬೇಕು. ಗಂಡಸರ ಎತ್ತರಕ್ಕೆ ಮಾಡಿದ ಹಿಡಿ ಹೆಂಗಸರಿಗೆ ಹೊಂದುವುದಿಲ್ಲ.

ನಾಟಿ ಮತ್ತು ಕಳೆ: ಬಗ್ಗಿಯೇ ಮಾಡಬೇಕಾದ ಕೆಲಸದಲ್ಲಿ 20 ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು, ಕೈಗಳನ್ನು ಮೇಲೆ ಚಾಚಿ ನಾಲ್ಕು ಉಸಿರು ಎಳೆಯಿರಿ. ಜಮೀನಿನ ಒಡೆಯರು ಇದನ್ನು ಸೋಮಾರಿತನವೆಂದು ಎಣಿಸಬಾರದು. ಅರ್ಧ ನಿಮಿಷದ ಈ ಬಿಡುವಿನಿಂದ ಆಳಿನ ಮರುದಿನದ ಕೆಲಸ ಉಳಿಯುತ್ತದೆ.

ಹಾಲು ಕರೆಯುವುದು: ಎದ್ದೊಡನೆ ಕೊಟ್ಟಿಗೆಗೆ ಹೋಗುವುದು ತಪ್ಪದು. ಆದರೆ ಮೊದಲು ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ಗಿಡ್ಡ ಮಣೆಯ ಮೇಲೆ ಕುಳಿತು, ಹಸುವಿನ ಹತ್ತಿರಕ್ಕೆ ಸರಿದು ಹಾಲು ಕರೆಯಿರಿ. ಸಗಣಿ ಮಂಕರಿ ಹೊರುವ ಕೆಲಸವನ್ನು ಒಂದು ಗಂಟೆ ಮುಂದಕ್ಕೆ ಹಾಕಿ.

ಟ್ರ್ಯಾಕ್ಟರ್: ಕುಲುಕಾಟ ಮತ್ತು ಕುಳಿತೇ ಇರುವುದು ಎರಡೂ ಸೊಂಟಕ್ಕೆ ಆಗದು. ಗಂಟೆಗೊಮ್ಮೆ ಇಳಿದು ನಡೆಯಿರಿ. ಇಳಿದೊಡನೆ ಭಾರ ಎತ್ತಬೇಡಿ. 2017ರಲ್ಲಿ ನಾನು ಮಾಡಿದ್ದು ಇದನ್ನೇ: ಬಹಳ ಹೊತ್ತು ಕುಳಿತಿದ್ದೆ, ಸುಧಾರಿಸಿಕೊಳ್ಳದೆ ಬಗ್ಗಿದೆ, ಭಾರ ಹಿಡಿದು ಮೈ ತಿರುಗಿಸಿದೆ.

ಸಿಂಪರಣೆ: 16 ಲೀಟರಿನ ಬೆನ್ನಿನ ಸಿಂಪರಣಾ ಯಂತ್ರದಲ್ಲಿ ದ್ರಾವಣವೇ 16 ಕಿ.ಗ್ರಾಂ. ಇರುತ್ತದೆ. ಅರ್ಧ ತುಂಬಿ, ಕಟ್ಟೆಯ ಮೇಲಿಟ್ಟು ಬೆನ್ನಿಗೇರಿಸಿ, ಎರಡೂ ಪಟ್ಟಿಗಳನ್ನು ಸಮನಾಗಿ ಬಿಗಿಯಿರಿ.

ಕೊನೆಯ ಮಾತು

ನಮ್ಮ ತಾಕುಗಳಲ್ಲಿ 2018ರಿಂದ ಯಾವ ಚೀಲವನ್ನೂ 20 ಕಿ.ಗ್ರಾಂ.ಗಿಂತ ಹೆಚ್ಚು ತುಂಬುತ್ತಿಲ್ಲ. ತೂಕದ ಯಂತ್ರ ಈಗ ನೆಲದ ಮೇಲಿಲ್ಲ, ಸೊಂಟದೆತ್ತರದ ಕಟ್ಟೆಯ ಮೇಲಿದೆ. ಚೀಲಗಳ ಸಂಖ್ಯೆ ಹೆಚ್ಚಿತು, ದಿನದ ಕೆಲಸವೇನೂ ಹಿಂದೆ ಬೀಳಲಿಲ್ಲ. ಅಂದು ಮಾತನಾಡಿದ ಹೆಣ್ಣುಮಗಳಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ: ರಜ ಸಿಗದವರಿಗೆ ಸೊಂಟ ಹಿಡಿಯುವ ಮೊದಲೇ ಎಚ್ಚರವಿರಬೇಕು. ಆ ಎಚ್ಚರ ದುಡಿಯುವವರಲ್ಲಿ ಎಷ್ಟಿರಬೇಕೋ ದುಡಿಸುವವರಲ್ಲಿಯೂ ಅಷ್ಟೇ ಇರಬೇಕು.

ಒಟ್ಟಿನಲ್ಲಿ ನೆನಪಿಡಬೇಕಾದವು ಇವು: ಅಪಾಯದ ಲಕ್ಷಣವಿದ್ದರೆ ಮೊದಲು ವೈದ್ಯರು, ಇಲ್ಲದಿದ್ದರೆ ಒಂದೆರಡು ದಿನದ ವಿಶ್ರಾಂತಿ, ನಂತರ ನಡಿಗೆ, ಬೆನ್ನನ್ನು ಬಗ್ಗಿಸದೆ ನಡುವನ್ನು ಎಲ್ಲ ಕಡೆಯಿಂದ ಬಿಗಿಯುವ ವ್ಯಾಯಾಮ, ಕಂತು ಕಂತಾಗಿ, ಬಿಡದೆ, ಹೊಲದಲ್ಲಿ ಹಗುರ ಹೊರೆ, ಉದ್ದ ಹಿಡಿ. ಮುಂದಿನ ಸುಗ್ಗಿಗೆ ಟೊಂಕ ಕಟ್ಟುವ ಮುನ್ನ ಇಂದು ಸಂಜೆಯೇ ಅಂಗಳದಲ್ಲಿ ಒಂದು ಕಂಬಳಿ ಹಾಸಿ, ಮೊದಲನೆಯ ವ್ಯಾಯಾಮದಿಂದ ಪ್ರಾರಂಭಿಸಿ.